ಹಿಂದಿರುಗದ ಆಟಗಾರನ ಧರ್ಮ: ಎರಿಟ್ರಿಯಾದ ಫುಟ್‌ಬಾಲ್ ತಂಡ ಮತ್ತು ದೇಶಋಣದ ಪ್ರಶ್ನೆ

ಹುಟ್ಟಿದ ನಾಡಿಗೆ ಮನುಷ್ಯ ಸಲ್ಲಿಸಬೇಕಾದದ್ದು ಏನು, ಆ ಸಲ್ಲಿಕೆಗೆ ಎಲ್ಲೆ ಇದೆಯೇ, ನಾಡನ್ನು ತೊರೆದು ಹೋಗುವ ಹಕ್ಕು ಅವನಿಗೆ ಇದೆಯೇ ಎಂಬ ಪ್ರಶ್ನೆಗಳು ರಾಜಕೀಯ ತತ್ತ್ವಶಾಸ್ತ್ರದಷ್ಟೇ ಹಳೆಯವು. ಸೈನಿಕ, ಬಂಡಾಯಗಾರ ಅಥವಾ ಗಡೀಪಾರಾದ ಚಿಂತಕನ ಉದಾಹರಣೆಗಳನ್ನು ಮುಂದಿಟ್ಟುಕೊಂಡು ಇವುಗಳನ್ನು ಚರ್ಚಿಸುವುದು ವಾಡಿಕೆಯಾದರೂ, ಕಳೆದ ಎರಡು ದಶಕಗಳಲ್ಲಿ ಇವು ಅತ್ಯಂತ ನಿಚ್ಚಳವಾಗಿ ಎದುರಾದದ್ದು ಪೂರ್ವ ಆಫ್ರಿಕದ ಒಂದು ಫುಟ್‌ಬಾಲ್ ತಂಡದಲ್ಲಿ. ಕೆಂಪು ಸಮುದ್ರದ ದಂಡೆಯಲ್ಲಿರುವ ಎರಿಟ್ರಿಯಾದ ಪುರುಷರ ರಾಷ್ಟ್ರೀಯ ತಂಡ ಪಂದ್ಯಕ್ಕೆಂದು ಗಡಿ ದಾಟಿದ ಹಲವು ಸಂದರ್ಭಗಳಲ್ಲಿ ಆಟಗಾರರು ಮರಳಿ ಹೋಗದೆ, ಆಡಿದ ನೆಲದಲ್ಲಿಯೇ ಆಶ್ರಯ ಬೇಡಿದ್ದಾರೆ. ದೇಶದ ಹೆಸರನ್ನು ಎದೆಯ ಮೇಲೆ ಧರಿಸಿ ಆಡಿದವನು ಅದೇ ದೇಶಕ್ಕೆ ಹಿಂದಿರುಗಲು ನಿರಾಕರಿಸಿದರೆ ಅದನ್ನು ದ್ರೋಹವೆನ್ನಬೇಕೇ, ಅಥವಾ ದ್ರೋಹವೆಂಬ ಮಾತು ಅಲ್ಲಿಗೆ ಅನ್ವಯಿಸುವುದೇ ಇಲ್ಲವೇ ಎಂಬುದು ಇಲ್ಲಿನ ವಿಚಾರ.

ಮೊದಲಿಗೆ ಸಂಗತಿಗಳನ್ನು ಗಮನಿಸಬೇಕು. 2009ರ ಡಿಸೆಂಬರ್‌ನಲ್ಲಿ, ಪೂರ್ವ ಮತ್ತು ಮಧ್ಯ ಆಫ್ರಿಕದ ಫುಟ್‌ಬಾಲ್ ಸಂಸ್ಥೆಗಳ ಒಕ್ಕೂಟವಾದ ಸೆಕಾಫಾ ನೈರೋಬಿಯಲ್ಲಿ ನಡೆಸಿದ ಪಂದ್ಯಾವಳಿ ಮುಗಿದಾಗ ಎರಿಟ್ರಿಯಾದ 12 ಆಟಗಾರರು ಊರಿಗೆ ಮರಳುವ ವಿಮಾನ ಹತ್ತಲಿಲ್ಲ. 2012ರಲ್ಲಿ ಇದೇ ಪಂದ್ಯಾವಳಿಗೆಂದು ಉಗಾಂಡದ ಕಂಪಾಲಾಕ್ಕೆ ಹೋದ ತಂಡದ 17 ಆಟಗಾರರೂ ಅವರೊಂದಿಗೆ ತಂಡದ ವೈದ್ಯರೂ ಕಣ್ಮರೆಯಾದರು. ಮರುವರ್ಷ ನೈರೋಬಿಯಲ್ಲಿ ಆಟಗಾರರ ಜೊತೆಗೆ ತರಬೇತುದಾರರೂ ಉಳಿದುಕೊಂಡರು. 2015ರ ಅಕ್ಟೋಬರ್ 13ರಂದು ಬೋಟ್ಸ್ವಾನಾದ ಫ್ರಾನ್ಸಿಸ್‌ಟೌನ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯವನ್ನು 3-1ರಿಂದ ಸೋತ ಮೇಲೆ 10 ಆಟಗಾರರು ವಿಮಾನ ಏರಲು ನಿರಾಕರಿಸಿ ಆಶ್ರಯ ಪಡೆದರು. ಇವೆಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚುವುದು 2019ರ ಡಿಸೆಂಬರ್‌ನ ಪ್ರಸಂಗ: ಕಂಪಾಲಾದಲ್ಲಿ ನಡೆದ ಸೆಕಾಫಾ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ ಎರಿಟ್ರಿಯಾ ಕೆನ್ಯಾವನ್ನು 4-1ರಿಂದ ಮಣಿಸಿ ಫೈನಲ್ ತಲುಪಿತು, ಅಲ್ಲಿ ಆತಿಥೇಯ ಉಗಾಂಡಕ್ಕೆ 3-0ರಿಂದ ಸೋತು ಎರಡನೆಯ ಸ್ಥಾನ ಗಳಿಸಿತು, ಮತ್ತು ಈ ಸಾಧನೆಯ ಬೆನ್ನಿಗೇ ಏಳು ಆಟಗಾರರು ಕಾಣೆಯಾದರು. ಸೋಲಿನ ನಾಚಿಕೆಯಿಂದಲೋ ಆಟದಲ್ಲಿ ಭವಿಷ್ಯವಿಲ್ಲವೆಂಬ ನಿರಾಶೆಯಿಂದಲೋ ಇವರು ಹೊರಟರೆಂಬ ವಿವರಣೆ ಈ ಪ್ರಸಂಗದ ಮುಂದೆ ನಿಲ್ಲುವುದಿಲ್ಲ.

ಈ ತಂಡದ ಹಿನ್ನೆಲೆಯಲ್ಲಿ ದೇಶ ಮತ್ತು ಅಂಗಿಯ ಸಂಬಂಧ ಎಂದೂ ಸರಳವಾಗಿರಲಿಲ್ಲ. ವಿಶ್ವಸಂಸ್ಥೆಯ ನಿರ್ಣಯದಂತೆ 1952ರಲ್ಲಿ ಎರಿಟ್ರಿಯಾ ಇಥಿಯೋಪಿಯಾದೊಂದಿಗೆ ಸಂಯುಕ್ತ ವ್ಯವಸ್ಥೆಗೆ ಸೇರಿತು. 1962ರ ಜನವರಿಯಲ್ಲಿ ಅಡಿಸ್ ಅಬಾಬಾದಲ್ಲಿ ಇಥಿಯೋಪಿಯಾ ಈಜಿಪ್ಟನ್ನು ಹೆಚ್ಚುವರಿ ಅವಧಿಯಲ್ಲಿ 4-2ರಿಂದ ಸೋಲಿಸಿ ಆಫ್ರಿಕ ಕಪ್ ಗೆದ್ದಾಗ, ಚಕ್ರವರ್ತಿ ಹೈಲೆ ಸೆಲಾಸ್ಸಿಯ ಕೈಯಿಂದ ಕಪ್ ಸ್ವೀಕರಿಸಿದ ನಾಯಕ ಲುಚಿಯಾನೊ ವಸ್ಸಾಲೊ ಅಸ್ಮರಾದಲ್ಲಿ ಎರಿಟ್ರಿಯಾದ ತಾಯಿಗೂ ಇಟಲಿಯ ತಂದೆಗೂ ಹುಟ್ಟಿದವನು. ಫೈನಲ್‌ನಲ್ಲಿ ಅವನೂ ಅವನ ತಮ್ಮ ಇಟಾಲೊ ವಸ್ಸಾಲೊನೂ ತಲಾ ಒಂದು ಗೋಲು ಹೊಡೆದಿದ್ದರು. ಅದೇ ವರ್ಷದ ನವೆಂಬರ್‌ನಲ್ಲಿ ಚಕ್ರವರ್ತಿ ಸಂಯುಕ್ತ ವ್ಯವಸ್ಥೆಯನ್ನು ರದ್ದುಪಡಿಸಿ ಎರಿಟ್ರಿಯಾವನ್ನು ತನ್ನ ಸಾಮ್ರಾಜ್ಯದ ಒಂದು ಪ್ರಾಂತ್ಯವನ್ನಾಗಿ ಮಾಡಿದನು. ಮುಂದೆ ದೆರ್ಗ್ ಎಂಬ ಸೈನಿಕ ಆಡಳಿತ ಬಂದಾಗ ಲುಚಿಯಾನೊ ದೇಶ ಬಿಟ್ಟು ಇಟಲಿಯಲ್ಲಿ ನೆಲೆಸಿದನು, 2022ರಲ್ಲಿ ಅಲ್ಲಿಯೇ ತೀರಿಕೊಂಡನು. ಇಥಿಯೋಪಿಯಾಕ್ಕೆ ಅದರ ಏಕೈಕ ಆಫ್ರಿಕ ಕಪ್ ತಂದುಕೊಟ್ಟ ನಾಯಕನೂ ದೇಶಭ್ರಷ್ಟನಾಗಿ ಬಾಳಿದನೆಂಬುದನ್ನು ಮರೆತು ಇಂದಿನ ಆಟಗಾರರನ್ನು ಮಾತ್ರ ಅಳೆಯುವುದು ನ್ಯಾಯವಾಗದು.

1961ರಿಂದ 1991ರವರೆಗೆ ಮೂವತ್ತು ವರ್ಷ ಹೋರಾಡಿ, 1993ರಲ್ಲಿ ಜನಮತಗಣನೆಯ ಮೂಲಕ ಎರಿಟ್ರಿಯಾ ಸ್ವತಂತ್ರವಾಯಿತು. 1998ರಲ್ಲಿ ಅದು ಫಿಫಾದ ಸದಸ್ಯತ್ವ ಪಡೆಯಿತು, 2000ದ ಏಪ್ರಿಲ್‌ನಲ್ಲಿ ಅಸ್ಮರಾದ ಮೈದಾನದಲ್ಲಿ ಬಲಾಢ್ಯ ನೈಜೀರಿಯಾವನ್ನು ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ 0-0ಗೆ ತಡೆದು ನಿಲ್ಲಿಸಿತು. ಆದರೆ ಆ ಹೊತ್ತಿಗೆ ಇಥಿಯೋಪಿಯಾದೊಂದಿಗೆ ಗಡಿಯುದ್ಧ ನಡೆಯುತ್ತಿತ್ತು, ಮತ್ತು ಆ ಯುದ್ಧ ದೇಶದ ಒಳಗಿನ ಬದುಕನ್ನು ಶಾಶ್ವತವಾಗಿ ಬದಲಿಸಿತು. 1995ರ ರಾಷ್ಟ್ರೀಯ ಸೇವಾ ಘೋಷಣೆ 18ರಿಂದ 40 ವರ್ಷದ ಸ್ತ್ರೀಪುರುಷರೆಲ್ಲರೂ ಆರು ತಿಂಗಳು ಸೈನಿಕ ತರಬೇತಿ, ಹನ್ನೆರಡು ತಿಂಗಳು ಸೇವೆ, ಒಟ್ಟು 18 ತಿಂಗಳು ದೇಶಕ್ಕೆ ದುಡಿಯಬೇಕೆಂದು ವಿಧಿಸಿತ್ತು. ಯುದ್ಧದ ಕಾರಣದಿಂದ ಈ ಅವಧಿ ಹಿಗ್ಗಿತು. 2002ರಲ್ಲಿ ಆರಂಭವಾದ ಅಭಿವೃದ್ಧಿ ಅಭಿಯಾನದ ಹೆಸರಿನಲ್ಲಿ ಅದು ಕೊನೆಯಿಲ್ಲದ್ದಾಯಿತು. 2003ರಿಂದ ಪ್ರೌಢಶಾಲೆಯ ಕೊನೆಯ ವರ್ಷವನ್ನೇ ಸಾವಾ ಎಂಬ ಸೈನಿಕ ಶಿಬಿರದಲ್ಲಿ ಕಳೆಯಬೇಕಾಯಿತು, ಅನುಮತಿಪತ್ರವಿಲ್ಲದೆ ದೇಶದಿಂದ ಹೊರಹೋಗುವುದು ಅಪರಾಧವಾಯಿತು. ದೇಶ ಬಿಟ್ಟ ಎರಿಟ್ರಿಯನ್ನರ ಸಂಖ್ಯೆ ಐದು ಲಕ್ಷವನ್ನು ಮೀರಿರುವಾಗ, ಫುಟ್‌ಬಾಲ್ ಆಟಗಾರರು ಆ ದೊಡ್ಡ ಪ್ರವಾಹದ ಒಂದು ಸಣ್ಣ ಭಾಗ ಮಾತ್ರ. ಉಳಿದವರು ಮರುಭೂಮಿಯನ್ನೂ ಸಮುದ್ರವನ್ನೂ ದಾಟಬೇಕಾದರೆ ಇವರಿಗೆ ವಿಮಾನದ ದಾರಿ ಸಿಕ್ಕಿತೆಂಬುದಷ್ಟೇ ವ್ಯತ್ಯಾಸ.

ಇಂಥ ಆಟಗಾರನ ವಿರುದ್ಧ ಹೂಡಬಹುದಾದ ಆಪಾದನೆಗಳಲ್ಲಿ ಮೊದಲನೆಯದು ಋಣದ್ದು. ದೇಶ ಅವನನ್ನು ಹೆತ್ತಿದೆ, ಸಾಕಿದೆ, ಆಟ ಕಲಿಸಿದೆ, ಅಂಗಿ ತೊಡಿಸಿದೆ. ಅದನ್ನು ತೀರಿಸದೆ ಓಡಿಹೋಗುವುದು ಕೃತಘ್ನತೆಯಲ್ಲವೇ ಎಂಬುದು ವಾದ. ಹುಟ್ಟಿನೊಂದಿಗೇ ಬರುವ ಹೊಣೆಯ ಕಲ್ಪನೆ ಭಾರತೀಯ ಚಿಂತನೆಗೆ ಅಪರಿಚಿತವಲ್ಲ, ಆದ್ದರಿಂದ ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತೈತ್ತಿರೀಯ ಸಂಹಿತೆ ಬ್ರಾಹ್ಮಣನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ಹೇಳುತ್ತದೆ: ಋಷಿಗಳ ಋಣ, ದೇವತೆಗಳ ಋಣ, ಪಿತೃಗಳ ಋಣ. ಇಲ್ಲಿ ಒಪ್ಪಿಗೆಯ ಪ್ರಶ್ನೆಯೇ ಇಲ್ಲ, ಯಾರೂ ಸಹಿ ಹಾಕಿ ಈ ಋಣವನ್ನು ತೆಗೆದುಕೊಂಡಿರುವುದಿಲ್ಲ. ಆದರೆ ಅದೇ ಗ್ರಂಥ ಪ್ರತಿಯೊಂದು ಋಣಕ್ಕೂ ತೀರಿಸುವ ದಾರಿಯನ್ನು ಜೊತೆಯಲ್ಲಿಯೇ ಹೇಳುತ್ತದೆ: ಬ್ರಹ್ಮಚರ್ಯದಿಂದ ಮೊದಲನೆಯದು, ಯಜ್ಞದಿಂದ ಎರಡನೆಯದು, ಸಂತಾನದಿಂದ ಮೂರನೆಯದು ತೀರುತ್ತದೆ, ಮತ್ತು ಇವನ್ನು ಪೂರೈಸಿದವನು ಋಣಮುಕ್ತನಾಗುತ್ತಾನೆ. ಹೇಳದೆ ಕೇಳದೆ ಹೆಗಲಿಗೆ ಬಿದ್ದ ಹೊಣೆ ನ್ಯಾಯವಾಗಿ ಉಳಿಯುವುದು ಅದರಿಂದ ಬಿಡುಗಡೆಯ ಕ್ರಮವೂ ಗೊತ್ತಿರುವುದರಿಂದ. ಎಷ್ಟು ದುಡಿದರೂ ತೀರದ, ಎಂದು ತೀರುತ್ತದೆಂದು ಕೊಟ್ಟವನೂ ಹೇಳಲಾರದ ಸಾಲವನ್ನು ಋಣವೆನ್ನಲಾಗದು, ಜೀತವೆನ್ನಬೇಕಾಗುತ್ತದೆ. 18 ತಿಂಗಳ ಸೇವೆಯನ್ನು ಕೇಳಿದ ಘೋಷಣೆ ಋಣದ ಭಾಷೆಯಲ್ಲಿ ಮಾತನಾಡಿತ್ತು. ಅದನ್ನು ಹತ್ತು, ಹದಿನೈದು ವರ್ಷಕ್ಕೆ ಎಳೆದ ಆಡಳಿತ ಆ ಭಾಷೆಯನ್ನು ತಾನೇ ಕೈಬಿಟ್ಟಿತು.

ಎರಡನೆಯ ಆಪಾದನೆ ಆಪತ್ತಿನದು, ಮತ್ತು ಎರಿಟ್ರಿಯಾದ ಸರ್ಕಾರ ತನ್ನ ಸಮರ್ಥನೆಯಲ್ಲಿ ಹೆಚ್ಚಾಗಿ ನೆಚ್ಚಿಕೊಂಡದ್ದೂ ಇದನ್ನೇ. 2000ದ ಡಿಸೆಂಬರ್‌ನಲ್ಲಿ ಅಲ್ಜಿಯರ್ಸ್ ಒಪ್ಪಂದವಾಯಿತು, 2002ರ ಏಪ್ರಿಲ್‌ನಲ್ಲಿ ಗಡಿ ಆಯೋಗ ವಿವಾದಿತ ಬದ್ಮೆ ಪ್ರದೇಶ ಎರಿಟ್ರಿಯಾದ್ದೆಂದು ತೀರ್ಪಿತ್ತಿತು, ಆದರೂ ಇಥಿಯೋಪಿಯಾ ವರ್ಷಗಟ್ಟಲೆ ಆ ನೆಲವನ್ನು ಬಿಡಲಿಲ್ಲ. ತನಗಿಂತ ಅನೇಕ ಪಟ್ಟು ದೊಡ್ಡ ನೆರೆದೇಶ ಅಂತರರಾಷ್ಟ್ರೀಯ ತೀರ್ಪನ್ನು ಕಡೆಗಣಿಸಿ ಗಡಿಯಲ್ಲಿ ನಿಂತಿರುವಾಗ ಯುವಕರನ್ನು ಸೇವೆಯಿಂದ ಬಿಡುವುದು ಹೇಗೆಂಬ ಪ್ರಶ್ನೆ ಸುಳ್ಳಿನದಲ್ಲ, ಆ ಭಯಕ್ಕೆ ಆಧಾರವಿತ್ತು. ಆಪತ್ತು ಬಂದಾಗ ಸಾಮಾನ್ಯ ಧರ್ಮವನ್ನು ಬದಿಗಿಡಬಹುದೆಂಬುದನ್ನು ಮಹಾಭಾರತದ ಶಾಂತಿಪರ್ವವೂ ಒಪ್ಪಿ, ಅದಕ್ಕಾಗಿ ಆಪದ್ಧರ್ಮವೆಂಬ ಒಂದು ಪ್ರತ್ಯೇಕ ಭಾಗವನ್ನೇ ಮೀಸಲಿಟ್ಟಿದೆ. ಹನ್ನೆರಡು ವರ್ಷಗಳ ಬರಗಾಲದಲ್ಲಿ ಹಸಿವಿನಿಂದ ಕಂಗೆಟ್ಟ ವಿಶ್ವಾಮಿತ್ರನು ಚಂಡಾಲನ ಗುಡಿಸಲಿಗೆ ಹೋಗಿ ನಾಯಿಯ ಮಾಂಸವನ್ನು ಎತ್ತಿಕೊಂಡು, ಪ್ರಾಣ ಉಳಿದರೆ ಧರ್ಮವನ್ನು ಮತ್ತೆ ಆಚರಿಸಬಹುದೆಂದು ವಾದಿಸುವ ಪ್ರಸಂಗ ಬರುವುದು ಅಲ್ಲಿಯೇ. ಆ ವಾದದ ಬಲವೆಲ್ಲ ಇರುವುದು ‘ಮತ್ತೆ’ ಎಂಬುದರಲ್ಲಿ: ಮಳೆ ಬಂದ ಮೇಲೆ ಹಿಂದಿನ ಧರ್ಮಕ್ಕೆ ಮರಳುವ ಸಂಕಲ್ಪವಿದ್ದರೆ ಮಾತ್ರ ಆಪದ್ಧರ್ಮ ಧರ್ಮವಾಗುತ್ತದೆ. 2018ರ ಜುಲೈನಲ್ಲಿ ಎರಡು ದೇಶಗಳೂ ಯುದ್ಧಸ್ಥಿತಿ ಮುಗಿಯಿತೆಂದು ಘೋಷಿಸಿದವು, ಅದೇ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಎರಿಟ್ರಿಯಾದ ಮೇಲಿನ ನಿರ್ಬಂಧಗಳನ್ನು ತೆಗೆಯಿತು. ಸೇವೆಯ ಅವಧಿ ಮಾತ್ರ 18 ತಿಂಗಳಿಗೆ ಇಳಿಯಲಿಲ್ಲ. ಕಂಪಾಲಾದ ಏಳು ಆಟಗಾರರು ಹೊರಟದ್ದು ಇದಾದ ಮರುವರ್ಷ.

ಮೂರನೆಯ ಆಪಾದನೆ ಇನ್ನೂ ಆಳವಾದದ್ದು, ಅದರ ಮೂಲ ಪ್ಲೇಟೊನ ‘ಕ್ರಿಟೊ’ ಸಂವಾದದಲ್ಲಿದೆ. ಕ್ರಿ.ಪೂ. 399ರಲ್ಲಿ ಮರಣದಂಡನೆಗೆ ಗುರಿಯಾದ ಸಾಕ್ರೆಟಿಸ್‌ನನ್ನು ಸೆರೆಮನೆಯಿಂದ ಪಾರುಮಾಡಲು ಗೆಳೆಯ ಕ್ರಿಟೊ ಬಂದಾಗ, ಸಾಕ್ರೆಟಿಸ್ ಅಥೆನ್ಸಿನ ಕಾನೂನುಗಳೇ ಎದುರು ಬಂದು ನಿಂತು ತನ್ನನ್ನು ಪ್ರಶ್ನಿಸಿದರೆ ಏನು ಹೇಳಲಿ ಎಂದು ಕೇಳುತ್ತಾನೆ. ಆ ಕಾನೂನುಗಳು ತಾವು ಅವನ ತಂದೆತಾಯಿಗಳಿದ್ದಂತೆ ಎನ್ನುತ್ತವೆ, ಎಪ್ಪತ್ತು ವರ್ಷ ನಗರದಲ್ಲಿ ಬಾಳಿದ್ದರಿಂದಲೇ ಅವನು ತಮ್ಮನ್ನು ಒಪ್ಪಿದಂತಾಯಿತೆನ್ನುತ್ತವೆ. ಬಾಯಿಬಿಟ್ಟು ಹೇಳದಿದ್ದರೂ ನಡತೆಯಿಂದ ತೋರಿಬರುವ ಇಂಥ ಒಪ್ಪಿಗೆಯನ್ನು ತತ್ತ್ವಶಾಸ್ತ್ರದಲ್ಲಿ ಮೌನಸಮ್ಮತಿ ಎನ್ನುತ್ತಾರೆ. ಸೈನಿಕ ಕಾರ್ಯಕ್ಕಲ್ಲದೆ ಸಾಕ್ರೆಟಿಸ್ ಊರು ಬಿಟ್ಟು ಹೋದವನೇ ಅಲ್ಲ, ಕೆಲವು ಹಸ್ತಪ್ರತಿಗಳ ಪ್ರಕಾರ ಒಮ್ಮೆ ಮಾತ್ರ ಇಸ್ತ್‌ಮಸ್‌ನ ಉತ್ಸವಕ್ಕೆ ಹೋಗಿದ್ದನು ಎಂಬ ವಿವರವೂ ಅಲ್ಲಿ ಬರುತ್ತದೆ. ಆ ಉತ್ಸವವಾದರೋ ಗ್ರೀಕರ ದೊಡ್ಡ ಕ್ರೀಡಾಕೂಟಗಳಲ್ಲಿ ಒಂದಾಗಿತ್ತು. ಕ್ರೀಡೆಗೆಂದು ಹೊರಹೋದವನು ಹಿಂದಿರುಗಿ ಬಂದನು, ಆದ್ದರಿಂದ ನಗರವನ್ನು ಒಪ್ಪಿದನು ಎಂಬ ತರ್ಕವನ್ನು ಎರಿಟ್ರಿಯಾದ ಅಧಿಕಾರಿಯೊಬ್ಬ ತನ್ನ ಆಟಗಾರರ ಮುಂದಿಡುವುದು ಅಸಾಧ್ಯವೇನಲ್ಲ.

ಆದರೆ ಆ ಸಂವಾದವನ್ನು ಪೂರ್ತಿಯಾಗಿ ಓದಿದವರಿಗೆ ಅಥೆನ್ಸಿನ ಕಾನೂನುಗಳು ತಮ್ಮ ವಾದಕ್ಕೆ ಎರಡು ಆಧಾರಗಳನ್ನು ಕೊಟ್ಟಿರುವುದು ಕಾಣುತ್ತದೆ. ಪ್ರಾಯಕ್ಕೆ ಬಂದು ನಗರದ ರೀತಿನೀತಿಗಳನ್ನು ಕಂಡ ಯಾವ ಪ್ರಜೆಯೇ ಆಗಲಿ, ಅವು ಹಿಡಿಸದಿದ್ದರೆ ತನ್ನ ಆಸ್ತಿಯನ್ನು ತೆಗೆದುಕೊಂಡು ಇಷ್ಟಬಂದ ಕಡೆಗೆ ಹೋಗಬಹುದು, ಯಾರೂ ತಡೆಯುವುದಿಲ್ಲ ಎಂಬುದು ಒಂದು. ಕಾನೂನು ತಪ್ಪೆಂದು ಕಂಡರೆ ವಾದಿಸಿ ಮನವೊಲಿಸಲು ಅವಕಾಶವಿದೆ ಎಂಬುದು ಇನ್ನೊಂದು. ಮನವೊಲಿಸುವ ದಾರಿ, ಹೊರಟುಹೋಗುವ ದಾರಿ ಎರಡೂ ತೆರೆದಿದ್ದಾಗ ಉಳಿದು ವಿಧೇಯನಾದವನ ವಿಧೇಯತೆಗೆ ಮಾತ್ರ ಒಪ್ಪಿಗೆಯ ಬೆಲೆ ಬರುತ್ತದೆ. ಎರಿಟ್ರಿಯಾದಲ್ಲಿ 1997ರಲ್ಲಿ ಅಂಗೀಕಾರವಾದ ಸಂವಿಧಾನ ಜಾರಿಗೆ ಬರಲಿಲ್ಲ, ಸ್ವಾತಂತ್ರ್ಯ ಬಂದಂದಿನಿಂದ ರಾಷ್ಟ್ರಮಟ್ಟದ ಚುನಾವಣೆ ನಡೆಯಲಿಲ್ಲ, 2001ರ ಸೆಪ್ಟೆಂಬರ್‌ನಲ್ಲಿ ಸುಧಾರಣೆ ಕೇಳಿದ ಹಿರಿಯ ನಾಯಕರ ಬಂಧನವಾಯಿತು, ಅದೇ ತಿಂಗಳು ಖಾಸಗಿ ಪತ್ರಿಕೆಗಳೆಲ್ಲ ಮುಚ್ಚಿದವು. ಹೀಗೆ ಮೊದಲ ದಾರಿ ಮುಚ್ಚಿತು. ಹೊರಹೋಗಲು ಅನುಮತಿಪತ್ರ ಬೇಕೆಂಬ ನಿಯಮದಿಂದ ಎರಡನೆಯದೂ ಮುಚ್ಚಿತು. ಎರಡೂ ಮುಚ್ಚಿದಲ್ಲಿ ‘ಕ್ರಿಟೊ’ದ ವಾದ ಸರ್ಕಾರದ ನೆರವಿಗೆ ಬರುವುದಿಲ್ಲ, ಅದರ ವಿರುದ್ಧ ಸಾಕ್ಷಿ ಹೇಳುತ್ತದೆ. ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ 1748ರ ಪ್ರಬಂಧವೊಂದರಲ್ಲಿ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದ್ದಾನೆ: ನಿದ್ದೆಯಲ್ಲಿದ್ದಾಗ ಹಡಗಿಗೆ ಹೊತ್ತೊಯ್ಯಲ್ಪಟ್ಟವನು, ಇಳಿದರೆ ಸಮುದ್ರದ ಪಾಲಾಗಬೇಕಾದ ಸ್ಥಿತಿಯಲ್ಲಿ ಹಡಗಿನಲ್ಲಿಯೇ ಉಳಿದನೆಂಬ ಕಾರಣಕ್ಕೆ ಕಪ್ತಾನನ ಅಧಿಕಾರವನ್ನು ಒಪ್ಪಿದನೆನ್ನಲಾಗದು.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಸಾಕ್ರೆಟಿಸ್ ಓಡಿಹೋಗಲಿಲ್ಲ, ಅನ್ಯಾಯವನ್ನು ಎದುರಿಸಿ ಅಲ್ಲಿಯೇ ಪ್ರಾಣ ಕೊಟ್ಟನು. ಆಟಗಾರನೂ ಊರಿಗೆ ಮರಳಿ, ಸೇವೆಯನ್ನು ಬಹಿರಂಗವಾಗಿ ನಿರಾಕರಿಸಿ, ಶಿಕ್ಷೆಯನ್ನು ಅನುಭವಿಸುವುದು ಹೆಚ್ಚಿನ ಧರ್ಮವಲ್ಲವೇ? ಈ ದಾರಿಯನ್ನು ಹಿಡಿದವರು ಎರಿಟ್ರಿಯಾದಲ್ಲಿಯೇ ಇದ್ದಾರೆ. ಆಯುಧ ಹಿಡಿಯುವುದು ತಮ್ಮ ನಂಬಿಕೆಗೆ ವಿರುದ್ಧವೆಂದು ಭಾವಿಸುವ ಕ್ರೈಸ್ತ ಪಂಥವಾದ ಯೆಹೋವನ ಸಾಕ್ಷಿಗಳ ಪೌರತ್ವವನ್ನು 1994ರ ಅಕ್ಟೋಬರ್‌ನ ಆಜ್ಞೆಯೊಂದು ಕಸಿದುಕೊಂಡಿತು. ಅದಕ್ಕೆ ಒಂದು ತಿಂಗಳ ಮೊದಲು ಬಂಧಿತರಾದ ಆ ಪಂಥದ ಮೂವರು ವಿಚಾರಣೆಯೇ ಇಲ್ಲದೆ 26 ವರ್ಷ ಸೆರೆಯಲ್ಲಿದ್ದು 2020ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದರು. ಅವರ ದೃಢತೆಯ ಮುಂದೆ ತಲೆಬಾಗಬೇಕು. ಆದರೆ ಸಾಕ್ರೆಟಿಸ್‌ಗೆ ಐನೂರು ಮಂದಿ ನ್ಯಾಯಗಾರರ ಎದುರು ಬಹಿರಂಗವಾಗಿ ಮಾತನಾಡುವ ಅವಕಾಶವಿತ್ತು, ಅವನ ಸಾವು ನಗರದ ಕಣ್ಣೆದುರು ನಡೆದು ಅದರ ಆತ್ಮಸಾಕ್ಷಿಯನ್ನು ಕಲಕಿತು. ವಿಚಾರಣೆಯಿಲ್ಲದ ಸೆರೆಮನೆಯಲ್ಲಿ ಆ ಮಾತಿಗೆ ಕೇಳುಗರೇ ಇರುವುದಿಲ್ಲ. ಇದಕ್ಕಿಂತ ಮುಖ್ಯವಾಗಿ, ಕರ್ತವ್ಯದ ಎಲ್ಲೆಯನ್ನು ದಾಟಿದ ಪುಣ್ಯಕಾರ್ಯ ಎಂಬ ಒಂದು ವರ್ಗವನ್ನು ನೀತಿಶಾಸ್ತ್ರ ಗುರುತಿಸುತ್ತದೆ: ಮಾಡಿದರೆ ಮಹಾತ್ಮನಾಗುವ, ಮಾಡದಿದ್ದರೆ ಅಪರಾಧಿಯಾಗದ ಕೆಲಸ ಅದು. ಬಲಿದಾನ ಈ ವರ್ಗಕ್ಕೆ ಸೇರಿದ್ದು. ಅದನ್ನು ತಾನಾಗಿ ಆರಿಸಿಕೊಂಡವನನ್ನು ಗೌರವಿಸಬಹುದು, ಇನ್ನೊಬ್ಬನಿಂದ ಅದನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲ. ಬಲಿಯನ್ನು ತೆಗೆದುಕೊಳ್ಳುವವನಿಗಂತೂ ಇಲ್ಲವೇ ಇಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹೋದವನ ಮೇಲೆ ಯಾವ ಹೊಣೆಯೂ ಉಳಿಯುವುದಿಲ್ಲವೆಂದರೆ ಅದು ಸುಲಭದ ಮಾತಾಗುತ್ತದೆ. ತಂಡದ ಆಟಗಾರ ಒಂಟಿಯಲ್ಲ. 2007ರ ಸುಮಾರಿಗೆ ನಡೆದ ಪರಾರಿಗಳ ನಂತರ ವಿದೇಶಕ್ಕೆ ಹೋಗುವ ಕ್ರೀಡಾಪಟುಗಳಿಂದ ಸರ್ಕಾರ ಒಂದು ಲಕ್ಷ ನಕ್ಫಾ, ಅಂದರೆ ಸಾಮಾನ್ಯ ಕುಟುಂಬ ಹೊಂದಿಸಲಾಗದಷ್ಟು ಹಣವನ್ನು ಜಾಮೀನಾಗಿ ಕೇಳತೊಡಗಿತೆಂದು ವರದಿಯಾಗಿದೆ. ಒಬ್ಬ ಹೋದರೆ ಜಾಮೀನು ನಿಂತವರು ಕಳೆದುಕೊಳ್ಳುತ್ತಾರೆ, ಊರಿನಲ್ಲಿರುವ ತಂದೆತಾಯಿ ವಿಚಾರಣೆಗೆ ಒಳಗಾಗಬಹುದು, ಮುಂದಿನ ತಂಡದ ಮೇಲಿನ ಕಾವಲು ಬಿಗಿಯಾಗುತ್ತದೆ, ಕೊನೆಗೆ ತಂಡವನ್ನು ಹೊರಕ್ಕೆ ಕಳುಹಿಸುವುದೇ ನಿಲ್ಲಬಹುದು. 2026ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಮೊರಾಕೊ, ಜಾಂಬಿಯಾ, ತಾಂಜಾನಿಯಾ, ಕಾಂಗೋ, ನೈಜರ್‌ಗಳ ಗುಂಪಿನಲ್ಲಿದ್ದ ಎರಿಟ್ರಿಯಾ, ಪಂದ್ಯಗಳು ಶುರುವಾಗುವ ಮುನ್ನವೇ 2023ರ ನವೆಂಬರ್‌ನಲ್ಲಿ ಹಿಂದೆ ಸರಿಯಿತು. ಆಟಗಾರರು ಮರಳದಿರುವ ಭಯವೇ ಇದಕ್ಕೆ ಕಾರಣವೆಂದು ಆಫ್ರಿಕದ ಫುಟ್‌ಬಾಲನ್ನು ಬಲ್ಲವರಲ್ಲಿ ಅನೇಕರು ಭಾವಿಸಿದರು. ಹೀಗೆ ಮೊದಲು ಹೋದವರ ಬಿಡುಗಡೆಯ ಬೆಲೆಯನ್ನು ಹಿಂದುಳಿದ ಹುಡುಗರು ತೆರುತ್ತಾರೆ. ಎರಡು ಹೊಣೆಗಳು ಪರಸ್ಪರ ವಿರುದ್ಧವಾಗಿ ಎಳೆದಾಗ ಒಂದನ್ನು ನ್ಯಾಯವಾಗಿಯೇ ಆರಿಸಿಕೊಂಡರೂ ಇನ್ನೊಂದು ಇಲ್ಲವಾಗುವುದಿಲ್ಲ, ಅದು ಶೇಷವಾಗಿ ಉಳಿಯುತ್ತದೆಂದು ಬ್ರಿಟನ್ನಿನ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ತೋರಿಸಿಕೊಟ್ಟಿದ್ದಾನೆ. ಆ ನೈತಿಕ ಶೇಷ ಹೋದ ಆಟಗಾರನ ಪಾಲಿಗೆ ಇದ್ದೇ ಇರುತ್ತದೆ: ತಾಯಿಯ ಬಗ್ಗೆ, ತನ್ನ ಜಾಗದಲ್ಲಿ ಆಡಬೇಕಾಗಿದ್ದ ಕಿರಿಯನ ಬಗ್ಗೆ.

ಆದರೆ ಶೇಷ ಯಾರಿಗೆ ಸಲ್ಲಬೇಕೆಂಬುದನ್ನು ಗೊಂದಲವಿಲ್ಲದೆ ನೋಡಬೇಕು. ಅದು ಮನುಷ್ಯರಿಗೆ ಸಲ್ಲಬೇಕಾದದ್ದು, ಸರ್ಕಾರಕ್ಕಲ್ಲ. ಒಬ್ಬ ತಪ್ಪಿಸಿಕೊಂಡದ್ದಕ್ಕೆ ಇನ್ನೊಬ್ಬನ ಮೇಲೆ ಕಾವಲು ಬಿಗಿ ಮಾಡುವುದು ಕಾವಲುಗಾರನ ಸ್ವತಂತ್ರ ನಿರ್ಧಾರ, ಅದರ ಪಾಪವನ್ನು ತಪ್ಪಿಸಿಕೊಂಡವನ ತಲೆಗೆ ಕಟ್ಟಿದರೆ ಎಲ್ಲ ದಬ್ಬಾಳಿಕೆಗೂ ಒಂದು ನೆಪ ಕೊಟ್ಟಂತಾಗುತ್ತದೆ. ಹೊರದೇಶಗಳಲ್ಲಿ ನೆಲೆಸಿದ ಎರಿಟ್ರಿಯನ್ನರು ರಾಯಭಾರ ಕಚೇರಿಯ ಸೇವೆ ಬೇಕಾದಾಗ ತಮ್ಮ ಆದಾಯದ ಶೇಕಡಾ 2ರಷ್ಟು ತೆರಿಗೆ ಕಟ್ಟಬೇಕು. ಸೇವೆ ಪೂರೈಸದೆ ಬಂದವರು ಅದಕ್ಕಾಗಿ ವಿಷಾದಿಸುವುದಾಗಿಯೂ ವಿಧಿಸಬಹುದಾದ ಶಿಕ್ಷೆಯನ್ನು ಒಪ್ಪುವುದಾಗಿಯೂ ಒಂದು ಪತ್ರಕ್ಕೆ ಸಹಿ ಹಾಕಬೇಕು. ಪಶ್ಚಾತ್ತಾಪ ಎಲ್ಲ ಧರ್ಮಗಳಲ್ಲಿಯೂ ಅಂತರಂಗದ ಕ್ರಿಯೆ, ತಾನು ಮಾಡಿದ್ದು ತಪ್ಪೆಂದು ತನಗೇ ಮನವರಿಕೆಯಾದಾಗ ಹುಟ್ಟುವಂಥದ್ದು. ಅದನ್ನು ನಮೂನೆಯಲ್ಲಿ ಅಚ್ಚುಹಾಕಿಸಿ ಕೈಗೆ ಕೊಟ್ಟಾಗ ಸಹಿ ಸಿಗುತ್ತದೆಯೇ ಹೊರತು ಪಶ್ಚಾತ್ತಾಪ ಸಿಗುವುದಿಲ್ಲ, ಮತ್ತು ನಿಜವಾದ ನೈತಿಕ ಶೇಷವನ್ನು ಅನುಭವಿಸುತ್ತಿರುವವನಿಗೆ ಅದು ಅವಮಾನವೂ ಹೌದು.

ಎರಿಟ್ರಿಯಾದ ಯುವಕರಲ್ಲಿ ನಾಡಿನ ಪ್ರೀತಿಯೇ ಬತ್ತಿದೆಯೆಂದು ಯಾರಾದರೂ ಹೇಳುವುದಾದರೆ ಅದಕ್ಕೆ ಉತ್ತರ ಆ ದೇಶದ ಇನ್ನೊಂದು ಕ್ರೀಡೆಯಲ್ಲಿದೆ. ಅಸ್ಮರಾದ ಸೈಕಲ್ ಸ್ಪರ್ಧಿ ಬಿನಿಯಮ್ ಗಿರ್ಮಾಯ್ ಯೂರೋಪಿನ ವೃತ್ತಿಪರ ತಂಡದಲ್ಲಿ ಸ್ಪರ್ಧಿಸುತ್ತ 2022ರ ಮಾರ್ಚ್‌ನಲ್ಲಿ ಬೆಲ್ಜಿಯಮಿನ ಗೆಂಟ್–ವೆವೆಲ್ಗೆಮ್ ಸ್ಪರ್ಧೆಯನ್ನು ಗೆದ್ದನು. ಮುಂದಿನ ವಾರ ಅದಕ್ಕಿಂತ ದೊಡ್ಡ ಸ್ಪರ್ಧೆಯಿದ್ದರೂ, ಮೊದಲೇ ನಿಶ್ಚಯಿಸಿಕೊಂಡಿದ್ದಂತೆ ಹೆಂಡತಿಯನ್ನೂ ಮಗಳನ್ನೂ ನೋಡಲು ಅಸ್ಮರಾಕ್ಕೆ ಹೊರಟನು. 2024ರ ಟೂರ್ ದ ಫ್ರಾನ್ಸ್‌ನಲ್ಲಿ ಮೂರು ಹಂತಗಳನ್ನು ಗೆದ್ದು ಹಸಿರು ಅಂಗಿ ಪಡೆದವನೂ ಇವನೇ. ಹೋಗಿಬರುವ ದಾರಿ ತೆರೆದಿದ್ದವನು ಮನೆಗೆ ಮರಳಿದನು, ಕರೆಸಿಕೊಳ್ಳಲು ಕಾವಲುಗಾರ ಬೇಕಾಗಲಿಲ್ಲ. ಹಿಂದಿರುಗದಿರುವ ಸ್ವಾತಂತ್ರ್ಯವಿದ್ದೂ ಹಿಂದಿರುಗಿದಾಗ ಮಾತ್ರ ಹಿಂದಿರುಗುವಿಕೆ ಒಂದು ಗುಣವಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈ ವಿಚಾರದಿಂದ ಹೊರಡುವ ತೀರ್ಮಾನವನ್ನು ಸಂಕ್ಷೇಪವಾಗಿ ಹೇಳಬಹುದು. ದೇಶಋಣವೆಂಬುದು ನಿಜ, ಆದರೆ ತೀರಿಸುವ ದಾರಿಯನ್ನು ತೋರಿಸದವನಿಗೆ ಅದನ್ನು ವಸೂಲು ಮಾಡುವ ಹಕ್ಕಿಲ್ಲ. ಆಪತ್ತಿನಲ್ಲಿ ಹೆಚ್ಚಿನ ತ್ಯಾಗವನ್ನು ಕೇಳಬಹುದು, ಆಪತ್ತನ್ನೇ ಆಡಳಿತದ ಪದ್ಧತಿಯಾಗಿಸಿಕೊಂಡವನು ಕೇಳಲಾರನು. ನಿಷ್ಠೆಯನ್ನು ನಿರೀಕ್ಷಿಸಬಹುದು, ಮಾತಿನ ದಾರಿಯನ್ನೂ ಹೊರಹೋಗುವ ದಾರಿಯನ್ನೂ ತೆರೆದಿಟ್ಟವನು ಮಾತ್ರ. ಈ ಮೂರರಲ್ಲಿ ಒಂದನ್ನೂ ಪಾಲಿಸದ ಸರ್ಕಾರ ನೈರೋಬಿ, ಕಂಪಾಲಾ, ಫ್ರಾನ್ಸಿಸ್‌ಟೌನ್‌ಗಳಲ್ಲಿ ಉಳಿದುಕೊಂಡ ಆಟಗಾರರನ್ನು ದ್ರೋಹಿಗಳೆಂದು ಕರೆಯಲಾಗದು. ಎಲ್ಲ ಮನುಷ್ಯರಿಗೂ ತಮ್ಮ ದೇಶವನ್ನೂ ಸೇರಿಸಿ ಯಾವ ದೇಶವನ್ನಾದರೂ ಬಿಟ್ಟುಹೋಗುವ ಮತ್ತು ತಮ್ಮ ದೇಶಕ್ಕೆ ಮರಳಿ ಬರುವ ಹಕ್ಕಿದೆಯೆಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೆಯ ವಿಧಿ ಎರಡು ಹಕ್ಕುಗಳನ್ನೂ ಒಂದೇ ವಾಕ್ಯದಲ್ಲಿ ಹೇಳಿರುವುದು ಅರ್ಥಪೂರ್ಣವಾಗಿದೆ, ಏಕೆಂದರೆ ಒಂದಿಲ್ಲದೆ ಇನ್ನೊಂದು ಉಳಿಯುವುದಿಲ್ಲ. ಎರಿಟ್ರಿಯಾ ತನ್ನ ಆಟಗಾರರು ಮನೆಗೆ ಮರಳಬೇಕೆಂದು ಬಯಸುವುದಾದರೆ ಹೊಸ ಜಾಮೀನನ್ನಾಗಲಿ ಹೊಸ ಕಾವಲನ್ನಾಗಲಿ ಹುಡುಕಬೇಕಾಗಿಲ್ಲ. 1995ರಲ್ಲಿ ತಾನೇ ಬರೆದುಕೊಂಡ 18 ತಿಂಗಳ ಕಾನೂನನ್ನು ತಾನು ಪಾಲಿಸಿದರೆ ಸಾಕು.